ಮುಚ್ಚಿದ ಸೀಸ-ಆಮ್ಲ ಬ್ಯಾಟರಿ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಅದರ ಸ್ಥಾಪನೆ ಮತ್ತು ನಿರ್ವಹಣೆ

ಸೀಸದ ಫಲಕಗಳ ನಡುವಣ ಗಂಧಕಾಮ್ಲವನ್ನು ಗಾಜಿನೆಳೆಯ ಹಾಸಿನಲ್ಲಿ ಹೀರಿಸಿಯೋ, ಸಿಲಿಕಾದೊಡನೆ ಬೆರಸಿ ಲೋಳೆಯಾಗಿ ಹೆಪ್ಪುಗಟ್ಟಿಸಿಯೋ ಅಲುಗದಂತೆ ಮಾಡಿ, ಒಂದೊಂದು ಕೋಶಕ್ಕೆ ಒಂದೊಂದು ಸಣ್ಣ ರಬ್ಬರು ಕವಾಟವನ್ನುಳಿದು ಮತ್ತಾವ ದ್ವಾರವೂ ಇಲ್ಲದಂತೆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಭದ್ರಪಡಿಸಿದ ವಿದ್ಯುತ್ ಸಂಚಾಯಕವೇ ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. ಅಂಗಡಿಗಳಲ್ಲಿ ಇದನ್ನು ಎಸ್‌ಎಂಎಫ್ ಬ್ಯಾಟರಿಯೆಂದು ಮಾರುತ್ತಾರೆ. ರೈತರೂ ಕುಶಲಕರ್ಮಿಗಳೂ ಡ್ರೈ ಬ್ಯಾಟರಿಯೆನ್ನುವರು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಈ ಪೆಟ್ಟಿಗೆಯು ಹೊಲ, ಡೇರಿ, ಗೂಡಿನ ಮಾರುಕಟ್ಟೆ, ಬ್ಯಾಂಕು, ರೈಲು ನಿಲ್ದಾಣ, ಮನೆಯ ಮೂಲೆ ಎಂಬ ಭೇದವಿಲ್ಲದೆ ಎಲ್ಲೆಡೆಯೂ ನೆಲೆಗೊಂಡಿರುವುದರಿಂದ, ಅದನ್ನು ಎತ್ತುವ, ಇಡುವ, ಜೋಡಿಸುವ, ತುಂಬುವ ಮತ್ತು ಕಡೆಗೆ ವಿಲೇ ಮಾಡುವ ಕ್ರಮವನ್ನು ಈ ಸೀಮೆಯ ಹವೆಗೂ ವೃತ್ತಿಗಳಿಗೂ ಅನ್ವಯಿಸಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಸದ ಸಂಚಾಯಕವನ್ನು 1859ರಲ್ಲಿ ಮೊದಲು ನಿರ್ಮಿಸಿದವನು ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ; 1881ರಲ್ಲಿ ಅದೇ ದೇಶದ ಕಮೀಲ್ ಫೋರ್ ಎಂಬಾತನು ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಬಳಿಯುವ ವಿಧಾನವನ್ನು ಕಂಡುಹಿಡಿದ ಮೇಲೆ ಅದು ಪ್ರಯೋಗಶಾಲೆಯಿಂದ ಕಾರ್ಖಾನೆಗೆ ಬಂದಿತು. ಆದರೆ ತೆರೆದ ಬ್ಯಾಟರಿಯು ನೀರನ್ನು ಕಳೆದುಕೊಳ್ಳುತ್ತಲೇ ಇರುವುದಾದ ಕಾರಣ ಅದಕ್ಕೆ ಶುದ್ಧಜಲವನ್ನು ಮೇಲಿಂದ ಮೇಲೆ ಎರೆಯುತ್ತಿರಬೇಕಾಗಿತ್ತು. ಈ ತೊಡಕನ್ನು ನಿವಾರಿಸಲು 1950ರ ದಶಕದ ಕಡೆಯಲ್ಲಿ ಜರ್ಮನಿಯ ಸೊನ್ನೆನ್‌ಶೈನ್ ಕಾರ್ಖಾನೆಯಲ್ಲಿ ಆಟ್ಟೊ ಯಾಚೆಯು ಲೋಳೆಯ ಬ್ಯಾಟರಿಯನ್ನೂ, 1970ರ ದಶಕದ ಆದಿಯಲ್ಲಿ ಅಮೆರಿಕದ ಗೇಟ್ಸ್ ಕಂಪನಿಯವರು ಗಾಜಿನೆಳೆಯ ಹಾಸಿನ ಬ್ಯಾಟರಿಯನ್ನೂ ರೂಪಿಸಿದರು. ನಮ್ಮಲ್ಲಿ ಇಂದು ಸಾಮಾನ್ಯವಾಗಿ ದೊರೆಯುವುದು ಎರಡನೆಯ ಜಾತಿಯದು.

ಅವಿಭಕ್ತ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳಿಗೆ ಶಿವನಸಮುದ್ರದ ವಿದ್ಯುತ್ತು 1902ರಷ್ಟು ಹಿಂದೆಯೇ ತಂತಿಯ ಮೇಲೆ ಹರಿದುಬಂದಿದ್ದರೂ, ಅದೇ ಜಿಲ್ಲೆಯ ಉತ್ತರಭಾಗದ ಹಳ್ಳಿಗಳಲ್ಲಿ ವಿದ್ಯುತ್ತೆಂಬುದು ಬಹುಕಾಲ ಬಂದುಹೋಗುವ ಅತಿಥಿಯಾಗಿಯೇ ಉಳಿಯಿತೆಂಬುದನ್ನು ನೆನೆದರೆ, ಇಲ್ಲಿ ಬ್ಯಾಟರಿಗೆ ದೊರೆತ ಸ್ವಾಗತವು ಆಶ್ಚರ್ಯಕರವಾಗಿ ತೋರದು. ತೆರೆದ ಬ್ಯಾಟರಿಗಳ ಕಾಲದಲ್ಲಿ ಈ ಸೀಮೆಗೆ ವಿಶೇಷವಾದ ಒಂದು ಕಷ್ಟವಿತ್ತು: ಆಳದ ಕೊಳವೆಬಾವಿಗಳ ನೀರು ಲವಣಗಳಿಂದ ಗಡುಸಾಗಿರುವುದಲ್ಲದೆ ಅನೇಕ ಗ್ರಾಮಗಳಲ್ಲಿ ಫ್ಲೋರೈಡಿನಿಂದಲೂ ಕೂಡಿದ್ದು, ಬಟ್ಟಿ ಇಳಿಸಿದ ನೀರು ಸಿಕ್ಕದ ದಿನ ಅದನ್ನೇ ಬ್ಯಾಟರಿಗೆ ಎರೆದವರ ಫಲಕಗಳು ಅಕಾಲದಲ್ಲಿ ಕೆಡುತ್ತಿದ್ದವು. ಮುಚ್ಚಿದ ಬ್ಯಾಟರಿಯು ಈ ದೋಷದಿಂದ ಜನರನ್ನು ಪಾರುಮಾಡಿತು. ಹಾಗೆ ಪಾರುಮಾಡುವಾಗಲೇ ತಿದ್ದುವ ಅವಕಾಶವನ್ನೂ ಅದು ಕಿತ್ತುಕೊಂಡಿತೆಂಬುದನ್ನು ಮಾತ್ರ ಬಹುಮಂದಿ ಗಮನಿಸಲಿಲ್ಲ. ತೆರೆದ ಬ್ಯಾಟರಿಯನ್ನು ಅಜಾಗರೂಕತೆಯಿಂದ ಇಟ್ಟವನು ಮುಂದೆ ನೀರೆರೆದು, ಆಮ್ಲದ ಸಾಂದ್ರತೆಯನ್ನು ಅಳೆದು ಕಿಂಚಿತ್ತಾದರೂ ಸರಿಪಡಿಸಬಹುದು. ಮುಚ್ಚಿದ್ದರಲ್ಲಿ ಒಮ್ಮೆ ಹೋದ ನೀರು ಹೋದುದೇ ಸರಿ. ಆದಕಾರಣ ನಿತ್ಯದ ನಿರ್ವಹಣೆಯಲ್ಲಿ ಹಂಚಿಹೋಗುತ್ತಿದ್ದ ಜಾಗ್ರತೆಯೆಲ್ಲವೂ ಇಲ್ಲಿ ಸ್ಥಾಪನೆಯ ದಿನಕ್ಕೂ ತುಂಬುವ ಯಂತ್ರದ ಹೊಂದಾಣಿಕೆಗೂ ಬಂದು ಸೇರುವುದು.

ಇದರ ಕಾರಣವನ್ನು ತಿಳಿಯಲು ಕೋಶದೊಳಗಿನ ವ್ಯಾಪಾರವನ್ನು ಸ್ಥೂಲವಾಗಿಯಾದರೂ ಅರಿಯಬೇಕು. ಧನಫಲಕದಲ್ಲಿ ಸೀಸದ ಡೈಆಕ್ಸೈಡು, ಋಣಫಲಕದಲ್ಲಿ ರಂಧ್ರಮಯವಾದ ಶುದ್ಧ ಸೀಸ, ಎರಡರ ನಡುವೆ ಗಂಧಕಾಮ್ಲ. ವಿದ್ಯುತ್ತನ್ನು ಹೊರಗೆಳೆದಾಗ ಎರಡು ಫಲಕಗಳೂ ಸೀಸದ ಸಲ್ಫೇಟಾಗಿ ಮಾರ್ಪಟ್ಟು ಆಮ್ಲವು ತೆಳುವಾಗುತ್ತದೆ, ತುಂಬಿದಾಗ ಈ ಕ್ರಿಯೆಯು ಹಿಮ್ಮರಳುತ್ತದೆ. ಒಂದು ಕೋಶಕ್ಕೆ ಸುಮಾರು 2 ವೋಲ್ಟುಗಳಂತೆ 6 ಕೋಶಗಳು ಸೇರಿ 12 ವೋಲ್ಟಿನ ಬ್ಯಾಟರಿಯಾಗುವುದು. ತುಂಬುವಿಕೆಯು ಮುಗಿಯುತ್ತ ಬಂದಂತೆ ಧನಫಲಕದಲ್ಲಿ ಆಮ್ಲಜನಕವು ಹುಟ್ಟಿ, ಗಾಜಿನ ಹಾಸಿನ ಸೂಕ್ಷ್ಮವಾದ ರಂಧ್ರಗಳ ಮೂಲಕ ಋಣಫಲಕವನ್ನು ಸೇರಿ, ಅಲ್ಲಿ ಸೀಸದೊಡನೆಯೂ ಆಮ್ಲದೊಡನೆಯೂ ಕೂಡಿ ಪುನಃ ನೀರಾಗುತ್ತದೆ. ಈ ಪುನಸ್ಸಂಯೋಗದ ಬಲದಿಂದಲೇ ಪೆಟ್ಟಿಗೆಯನ್ನು ಮುಚ್ಚಿಡುವುದು ಸಾಧ್ಯವಾಯಿತು. ಆದರೆ ಇದಕ್ಕೊಂದು ವೇಗದ ಮಿತಿಯುಂಟು. ಮಿತಿಯನ್ನು ಮೀರಿ ವಿದ್ಯುತ್ತನ್ನು ನೂಕಿದರೆ ಅನಿಲಗಳ ಒತ್ತಡವು ಹೆಚ್ಚಿ, ಕವಾಟವು ತೆರೆದು, ಜಲಜನಕವೂ ಆಮ್ಲಜನಕವೂ ಹೊರಬೀಳುತ್ತವೆ.

ಗಾಳಿಯಲ್ಲಿ ನೂರಕ್ಕೆ 4 ಪಾಲಿನಿಂದ ಸುಮಾರು 75 ಪಾಲಿನವರೆಗೆ ಬೆರೆತ ಜಲಜನಕವು ಒಂದು ಕಿಡಿಯಿಂದ ಸ್ಫೋಟಿಸಬಲ್ಲದು. ಒಂದು ಕೋಶಕ್ಕೆ 1 ಆಂಪಿಯರ್-ಗಂಟೆಯಷ್ಟು ಅಧಿಕ ವಿದ್ಯುತ್ತು ಹರಿದು ಅದೆಲ್ಲವೂ ನೀರನ್ನು ಒಡೆಯುವುದಕ್ಕೇ ವ್ಯಯವಾದರೆ ಸುಮಾರು 0.42 ಲೀಟರು ಜಲಜನಕವು ಹುಟ್ಟುವುದರಿಂದ, 6 ಕೋಶಗಳ ಬ್ಯಾಟರಿಯು 100 ಲೀಟರು ಗಾಳಿ ಹಿಡಿಯುವ ಗಾಳಿಕಿಂಡಿಯಿಲ್ಲದ ಮರದ ಬೀರುವನ್ನು ಅಪಾಯದ ಅಂಚಿಗೆ ತರಲು 2 ಆಂಪಿಯರ್-ಗಂಟೆಯ ಮಿತಿಮೀರಿಕೆಯೂ ಬೇಕಾಗಿಲ್ಲ. ಬ್ಯಾಟರಿಯು ಆರೋಗ್ಯವಾಗಿರುವಾಗ ಹೊರಬರುವ ಅನಿಲವು ಅತ್ಯಲ್ಪವೆಂಬುದು ನಿಜ. ಆದರೂ ಅದನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂಡಿಡಬಾರದೆಂಬ ನಿಯಮವಿರುವುದು ಆರೋಗ್ಯದ ದಿನಗಳಿಗಾಗಿ ಅಲ್ಲ, ತುಂಬುವ ಯಂತ್ರವು ಕೆಟ್ಟ ಒಂದು ರಾತ್ರಿಗಾಗಿ.

ಈ ನಾಲ್ಕು ತಾಲ್ಲೂಕುಗಳಲ್ಲಿ ಮುಚ್ಚಿದ ಬ್ಯಾಟರಿಯು ಕಾಣಸಿಗುವ ಸ್ಥಳಗಳು ವೃತ್ತಿಗನುಸಾರವಾಗಿ ಬೇರೆಬೇರೆಯಾಗಿವೆ. ಚಿಂತಾಮಣಿಯ ಟೊಮೇಟೊ ತೋಟಗಳಲ್ಲಿಯೂ ಚಿಕ್ಕಬಳ್ಳಾಪುರದ ಸುತ್ತಣ ದ್ರಾಕ್ಷಿ ಮತ್ತು ಹೂವಿನ ತೋಟಗಳಲ್ಲಿಯೂ ಬೆನ್ನಿಗೆ ಕಟ್ಟಿಕೊಳ್ಳುವ ಔಷಧಿ ಸಿಂಪಡಿಸುವ ಬ್ಯಾಟರಿ ಪಂಪಿನ ತಳದಲ್ಲಿ 12 ವೋಲ್ಟು, 8 ಆಂಪಿಯರ್-ಗಂಟೆಯ ಪೆಟ್ಟಿಗೆಯಿರುತ್ತದೆ. ರಾಮನಗರದ ತರುವಾಯ ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲೊಂದೆನಿಸಿದ ಶಿಡ್ಲಘಟ್ಟದಲ್ಲಿ, ಮತ್ತು ಊರೂರಿನ ತರಕಾರಿ ಮಂಡಿಗಳಲ್ಲಿ, ವಿದ್ಯುನ್ಮಾನ ತಕ್ಕಡಿಗಳ ಒಳಗೆ 6 ವೋಲ್ಟಿನ ಪುಟ್ಟ ಬ್ಯಾಟರಿಯು ಅಡಗಿದ್ದು, ಅದು ಸೊರಗಿದಾಗ ತೂಕದ ಅಂಕೆಗಳು ಮಂಕಾಗುವುದುಂಟು; ಮಾರುವವನಿಗೂ ಕೊಳ್ಳುವವನಿಗೂ ಸಂಶಯವು ಹುಟ್ಟುವುದು ಅಲ್ಲಿಂದಲೇ. ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಪ್ರಾತಃಕಾಲ ಮತ್ತು ಸಾಯಂಕಾಲ ಹಾಲಿನ ತೂಕವನ್ನೂ ಜಿಡ್ಡಿನ ಅಂಶವನ್ನೂ ನೋಡುವ ಯಂತ್ರಗಳು ವಿದ್ಯುತ್ತು ಹೋದಾಗ ಬ್ಯಾಟರಿಯನ್ನೇ ನೆಚ್ಚಿಕೊಂಡಿರುವವು. ಬೀದಿಯ ಸೌರದೀಪಗಳು, ಕಾಡುಹಂದಿಯನ್ನು ತಡೆಯುವ ಬೇಲಿಯ ಯಂತ್ರಗಳು, ಮೊಬೈಲ್ ಗೋಪುರಗಳ 48 ವೋಲ್ಟಿನ ಸಾಲುಗಳು, ಬ್ಯಾಂಕುಗಳ ಮತ್ತು ಆಸ್ಪತ್ರೆಗಳ ಯುಪಿಎಸ್‌ಗಳು, ರೈಲ್ವೆಯ ಸಂಕೇತ ವ್ಯವಸ್ಥೆಗಳು, ಇವನ್ನು ಹೆಸರಿಸಿದರೆ ಸಾಕು.

ಗೌರಿಬಿದನೂರನ್ನು ಕುರಿತು ಪ್ರತ್ಯೇಕವಾಗಿ ಎರಡು ಮಾತು ಹೇಳಬೇಕು. ಅಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದವರು 1965ರಲ್ಲಿ ಸ್ಥಾಪಿಸಿದ ಭೂಕಂಪಮಾಪಕಗಳ ಸಾಲೂ, 1976ರಿಂದ 34.5 ಮೆಗಾಹರ್ಟ್ಸಿನಲ್ಲಿ ಆಕಾಶವನ್ನು ಆಲಿಸಲಾರಂಭಿಸಿದ ರೇಡಿಯೋ ದೂರದರ್ಶಕವೂ ಇವೆ. ಭೂಕಂಪವು ವಿದ್ಯುತ್ ಸರಬರಾಜಿನ ವೇಳಾಪಟ್ಟಿಯನ್ನು ನೋಡಿಕೊಂಡು ಬರುವುದಿಲ್ಲವಾದ್ದರಿಂದ ಇಂಥ ಕಾರ್ಯಗಳಿಗೆ ನಿರಂತರವಾದ ವಿದ್ಯುತ್ತು ಅನಿವಾರ್ಯ. ಇನ್ನೊಂದು ಕಡೆ, ಶೋಧಕಗಳಿಲ್ಲದ ಅಗ್ಗದ ಇನ್ವರ್ಟರುಗಳೂ ಚಾರ್ಜರುಗಳೂ ಹೊಮ್ಮಿಸುವ ರೇಡಿಯೋ ಗದ್ದಲವು, ನಿಶ್ಶಬ್ದವಾದ ಬಯಲನ್ನು ಹುಡುಕಿಕೊಂಡು ಬಂದ ಅಂಥ ವೀಕ್ಷಣಾಲಯದ ನೆರೆಯಲ್ಲಿ ಸಲ್ಲದ ವಸ್ತು. ತಿಳಿದೋ ತಿಳಿಯದೆಯೋ ತೀರ ಅಗ್ಗದ ಚಾರ್ಜರನ್ನು ಕೊಳ್ಳುವವನು ತನ್ನ ಬ್ಯಾಟರಿಗೂ ನೆರೆಹೊರೆಗೂ ಒಟ್ಟಿಗೆ ಅಪಕಾರವನ್ನೆಸಗುತ್ತಾನೆ.

ಸ್ಥಾಪನೆಯಲ್ಲಿ ಪ್ರಥಮ ವಿಚಾರವು ಸ್ಥಳದ್ದು. ನಮ್ಮ ಅಂಗಡಿಗಳಲ್ಲಿ ಬ್ಯಾಟರಿಯನ್ನು ಮಾರುವಾತನು ವಾರಂಟಿಯ ತಿಂಗಳುಗಳನ್ನು ಎಣಿಸಿ ಹೇಳುವಷ್ಟು ಉತ್ಸಾಹದಿಂದ ಅದನ್ನು ಇಡುವ ಜಾಗವೆಲ್ಲಿಯೆಂದು ವಿಚಾರಿಸುವುದಿಲ್ಲ. ಆದರೆ ಬ್ಯಾಟರಿಯ ಆಯುಸ್ಸನ್ನು ನಿರ್ಣಯಿಸುವುದು ಬಹುಮಟ್ಟಿಗೆ ಆ ಜಾಗವೇ. 25 ಡಿಗ್ರಿ ಸೆಲ್ಸಿಯಸಿನಲ್ಲಿ ಇಂತಿಷ್ಟು ವರ್ಷವೆಂದು ನಿಗದಿಯಾದ ಬಾಳಿಕೆಯು ಸರಾಸರಿ ಉಷ್ಣತೆಯು 8ರಿಂದ 10 ಡಿಗ್ರಿಯಷ್ಟು ಏರಿದಾಗ ಸುಮಾರು ಅರ್ಧಕ್ಕಿಳಿಯುವುದೆಂಬುದು ಈ ವಿದ್ಯೆಯಲ್ಲಿ ಪ್ರಸಿದ್ಧವಾದ ಅನುಭವಸೂತ್ರ. ನಂದಿಬೆಟ್ಟದ ಬುಡದಲ್ಲಿ ಸಮುದ್ರಮಟ್ಟಕ್ಕೆ 900 ಮೀಟರಿಗೂ ಮೇಲ್ಪಟ್ಟ ಚಿಕ್ಕಬಳ್ಳಾಪುರದ ತಂಪಿಗೂ, ಉತ್ತರ ಪಿನಾಕಿನಿಯ ತೀರದಲ್ಲಿ ಅದಕ್ಕಿಂತ ಸುಮಾರು 200 ಮೀಟರು ತಗ್ಗಿನಲ್ಲಿರುವ ಗೌರಿಬಿದನೂರಿನ ಸೆಕೆಗೂ ಇರುವ ಅಂತರವು ಬ್ಯಾಟರಿಯ ಮೇಲೆ ಪರಿಣಾಮವನ್ನುಂಟುಮಾಡದೆ ಇರದು. ಅದಕ್ಕಿಂತ ಮಿಗಿಲಾದ ಅಂತರವು ಒಂದೇ ಮನೆಯೊಳಗಿನ ಎರಡು ಮೂಲೆಗಳ ನಡುವೆ ಉಂಟು: ತಗಡಿನ ಚಾವಣಿಯ ಕೆಳಗಣ ಅಟ್ಟದಲ್ಲಿ ಚೈತ್ರ ವೈಶಾಖಗಳ ಮಧ್ಯಾಹ್ನ ಬ್ಯಾಟರಿಯು ಬೇಯುತ್ತದೆ, ಕಲ್ಲುಚಪ್ಪಡಿಯ ಹಳೆಯ ಮನೆಯ ಉತ್ತರದ ಗೋಡೆಯ ಬದಿಯಲ್ಲಿ ಅದೇ ಬ್ಯಾಟರಿಯು ಸುಖವಾಗಿರುತ್ತದೆ. ಬೀದಿಯ ಸೌರದೀಪಗಳ ಬ್ಯಾಟರಿಯನ್ನು ಕಳ್ಳರ ಭಯದಿಂದ ಕಂಬದ ಮೇಲೆ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಸಿಲಿಗೊಡ್ಡಿ ಬಿಗಿಯುವ ಪದ್ಧತಿಯಿದೆಯಷ್ಟೆ. ಕಳ್ಳರಿಂದ ಉಳಿದ ಅಂಥ ಬ್ಯಾಟರಿಯನ್ನು ಸೂರ್ಯನು ಮುಗಿಸುವನು. ಪೆಟ್ಟಿಗೆಗೆ ಬಿಳಿಯ ಬಣ್ಣ, ಮೇಲೊಂದು ನೆರಳಿನ ತಗಡು, ಕೆಳಗೂ ಮೇಲೂ ಜಾಲರಿಯ ಗಾಳಿಕಿಂಡಿ, ಇಷ್ಟನ್ನು ಮಾಡಲು ಪಂಚಾಯಿತಿಗೆ ತಗಲುವ ವೆಚ್ಚವು ಅತ್ಯಲ್ಪ.

ರೇಷ್ಮೆಯ ಊರುಗಳಲ್ಲಿ ಸ್ಥಳದ ಪ್ರಶ್ನೆಯು ಇನ್ನಷ್ಟು ಸೂಕ್ಷ್ಮವಾದುದು. ಹುಳು ಸಾಕುವ ಮನೆಯ ಉಷ್ಣತೆಯನ್ನು 24ರಿಂದ 28 ಡಿಗ್ರಿಯೊಳಗೆ ಕಾಪಾಡುವುದರಿಂದ ಬ್ಯಾಟರಿಗೂ ಅದು ಹಿತವಾದ ಎಡೆಯೆಂದು ತೋರಬಹುದು. ಆದರೆ ಒಂದೊಂದು ಬೆಳೆಗೆ ಮುನ್ನ ಅಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ, ಫಾರ್ಮಲಿನ್ ಮುಂತಾದುವುಗಳಿಂದ ನಡೆಯುವ ಸೋಂಕುನಿವಾರಣೆಯಲ್ಲಿ ಹೊಮ್ಮುವ ಕ್ಲೋರಿನ್ ಅಂಶವು ತಾಮ್ರದ ತುದಿಗಳನ್ನೂ ಸೀಸದ ಧ್ರುವಗಳನ್ನೂ ತಿನ್ನುವುದರಿಂದಲೂ, ಕೆಟ್ಟ ಬ್ಯಾಟರಿಯ ಆಮ್ಲದ ಆವಿಯು ನಾಜೂಕಾದ ಹುಳುಗಳ ಸಮೀಪದಲ್ಲಿ ಇರಲಾಗದುದರಿಂದಲೂ, ಬ್ಯಾಟರಿಯನ್ನು ಸಾಕಣೆಯ ಕೋಣೆಯ ಹೊರಗೆ, ಜಗಲಿಯ ನೆರಳಿನಲ್ಲಿ, ತಂತಿಯನ್ನಷ್ಟೇ ಒಳಗೆಳೆದುಕೊಂಡು ಸ್ಥಾಪಿಸುವುದು ವಿಹಿತ. ನೂಲು ಬಿಚ್ಚುವ ರೀಲಿಂಗ್ ಘಟಕಗಳಲ್ಲಿ ಗೂಡು ಬೇಯಿಸುವ ಬಿಸಿನೀರು, ಹಬೆ, ನೆಲದ ಮೇಲೆ ಸದಾ ಹರಿದಾಡುವ ನೀರು, ಕೆಲಸಗಾರರ ಒದ್ದೆಗೈ, ಇವೆಲ್ಲವೂ ಒಂದೇ ಇಕ್ಕಟ್ಟಾದ ಕೋಣೆಯಲ್ಲಿ ಕೂಡಿರುವುವು. ಅಲ್ಲಿ ಬ್ಯಾಟರಿಯನ್ನು ಒಲೆಯ ಗೋಡೆಗೆ ಒರಗಿಸಿಡುವುದೂ ನೆಲದ ಮೇಲಿಡುವುದೂ ಎರಡೂ ತಪ್ಪು. ಮೊಣಕಾಲೆತ್ತರದ ಮರದ ಅಥವಾ ಬಣ್ಣ ಬಳಿದ ಕಬ್ಬಿಣದ ಪೀಠವೊಂದು ಅವಶ್ಯ. ಬರಿಯ ಸಿಮೆಂಟು ನೆಲದ ಮೇಲೆ ಇಟ್ಟರೆ ವಿದ್ಯುತ್ತು ನೆಲಕ್ಕೆ ಸೋರಿಹೋಗುವುದೆಂದು ಹಿರಿಯ ಮೆಕ್ಯಾನಿಕರು ಈಗಲೂ ಹೇಳುವರು. ಅದು ಮರದ ಮತ್ತು ರಬ್ಬರಿನ ಪೆಟ್ಟಿಗೆಗಳ ಕಾಲದ ಮಾತಾಗಿದ್ದು ಇಂದಿನ ಪ್ಲಾಸ್ಟಿಕ್ಕಿಗೆ ಅನ್ವಯಿಸದು. ಪೀಠವು ಬೇಕಾಗಿರುವುದು ನೆಲದ ತೇವಕ್ಕಾಗಿ.

ಮನೆಗಳಲ್ಲಿ ದೇವರ ದೀಪವುರಿಯುವ ಕೋಣೆ, ಅಡುಗೆಯ ಅನಿಲದ ಸಿಲಿಂಡರಿರುವ ಮೂಲೆ, ಹುಲ್ಲು ಸೌದೆಗಳ ಕೊಟ್ಟಿಗೆ, ಮಕ್ಕಳು ಮಲಗುವ ಎಡೆ, ಇವು ವರ್ಜ್ಯ. ಜಲಜನಕವು ಗಾಳಿಗಿಂತ ಬಹಳ ಹಗುರವಾಗಿ ಮೇಲೇರುವುದರಿಂದ ಗಾಳಿಕಿಂಡಿಯು ಕೆಳಗೊಂದು ಇದ್ದರೆ ಸಾಲದು, ಮೇಲೂ ಇರಬೇಕು. ಅಕ್ಕಪಕ್ಕದ ಬ್ಯಾಟರಿಗಳ ನಡುವೆ ಕಡೆಯ ಪಕ್ಷ 1 ಸೆಂಟಿಮೀಟರಿನಷ್ಟು ಅಂತರವನ್ನು ಬಿಟ್ಟರೆ ಶಾಖವು ಹೊರಹೋಗುವುದು. ಮುಚ್ಚಿದ ಬ್ಯಾಟರಿಯನ್ನು ಪಕ್ಕಕ್ಕೆ ಮಲಗಿಸಿ ಬಳಸಲು ತಯಾರಕರು ಅನುಮತಿಸುವುದುಂಟಾದರೂ ತಲೆಕೆಳಗಾಗಿ ನಿಲ್ಲಿಸಿ ತುಂಬುವುದನ್ನು ಯಾರೂ ಒಪ್ಪುವುದಿಲ್ಲ; ನೆಟ್ಟಗೆ ನಿಲ್ಲಿಸುವುದೇ ಉತ್ತಮ.

ಎತ್ತುವಾಗ ಭಾರವನ್ನು ಕಡೆಗಣಿಸತಕ್ಕದ್ದಲ್ಲ. 12 ವೋಲ್ಟು, 7 ಆಂಪಿಯರ್-ಗಂಟೆಯದು 2 ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗಿದರೆ, 100 ಆಂಪಿಯರ್-ಗಂಟೆಯದು ಸುಮಾರು 30 ಕಿಲೋಗ್ರಾಮು ತೂಗುತ್ತದೆ. ಧ್ರುವಗಳನ್ನು ಹಿಡಿದೆತ್ತುವುದಾಗಲಿ ತಂತಿಯಿಂದ ಎಳೆಯುವುದಾಗಲಿ ಕೂಡದು, ಏಕೆಂದರೆ ಅಲ್ಲಿನ ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಬಿರುಕುಂಟಾಗಿ ಆಮ್ಲವು ಮೆಲ್ಲಗೆ ಜಿನುಗಲು ತೊಡಗುತ್ತದೆ. ಬೀಳಿಸಿದ ಬ್ಯಾಟರಿಯು ಹೊರಗಿನಿಂದ ಅಕ್ಷತವಾಗಿ ಕಂಡರೂ ಕೆಲವು ದಿನ ಪ್ರತ್ಯೇಕವಾಗಿಟ್ಟು ನೋಡಬೇಕು. ಒರಸಲು ಒದ್ದೆಬಟ್ಟೆಯೊಂದೇ ಸಾಕು. ಸೀಮೆಎಣ್ಣೆ, ಪೆಟ್ರೋಲು, ಬಣ್ಣ ತೆಳುಮಾಡುವ ಥಿನ್ನರು ಇವು ಪೆಟ್ಟಿಗೆಯ ಎಬಿಎಸ್ ಪ್ಲಾಸ್ಟಿಕ್ಕನ್ನು ಸೀಳಿಬಿಡುವುವು. ಗ್ಯಾರೇಜುಗಳಲ್ಲಿ ಎಲ್ಲವನ್ನೂ ಪೆಟ್ರೋಲಿನಿಂದಲೇ ತೊಳೆಯುವ ಅಭ್ಯಾಸವಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಜೋಡಿಸುವಾಗಿನ ಅಪಾಯವು ಮನೆಯ ವಿದ್ಯುತ್ತಿನ ಅಪಾಯಕ್ಕಿಂತ ಸ್ವಭಾವತಃ ಭಿನ್ನವಾದುದು. ಮನೆಯ ವಿದ್ಯುತ್ತನ್ನು ಗುಂಡಿಯೊತ್ತಿ ನಿಲ್ಲಿಸಬಹುದು. ಬ್ಯಾಟರಿಯನ್ನು ಯಾವ ಗುಂಡಿಯೂ ನಿಲ್ಲಿಸಲಾರದು, ಅದರ ಧ್ರುವಗಳು ಹಗಲಿರುಳೂ ಜೀವಂತವಾಗಿರುವುವು. 12 ವೋಲ್ಟು ಮೈಗೆ ತಾಗಿದರೆ ಏನೂ ಆಗದೆಂಬ ಧೈರ್ಯದಿಂದ ಸ್ಪ್ಯಾನರನ್ನು ಹಿಡಿದವನು, ಅದೇ ಸ್ಪ್ಯಾನರು ಎರಡು ಧ್ರುವಗಳಿಗೂ ಅಡ್ಡಬಿದ್ದಾಗ 7 ಆಂಪಿಯರ್-ಗಂಟೆಯ ಪುಟ್ಟ ಬ್ಯಾಟರಿಯಿಂದಲೇ ನೂರಾರು ಆಂಪಿಯರುಗಳೂ, ದೊಡ್ಡದರಿಂದ ಸಾವಿರಾರು ಆಂಪಿಯರುಗಳೂ ಒಮ್ಮೆಲೇ ಹರಿದು ಕಬ್ಬಿಣವು ಕೆಂಪಗಾಗುವುದನ್ನು ಕಾಣಬೇಕಾಗುವುದು. ಬೆರಳಿನ ಉಂಗುರ, ಕೈಗಡಿಯಾರದ ಲೋಹದ ಪಟ್ಟಿ, ಬಳೆ, ಬಾಗಿದಾಗ ಜೋಲುವ ಕೊರಳಸರ ಇವುಗಳನ್ನು ಮೊದಲೇ ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಿರಬೇಕು. ಕೈಗೆ ರಬ್ಬರಿನ ಗವಸು, ಕಣ್ಣಿಗೆ ಕನ್ನಡಕ. ಕೆಲಸವಾಗದ ಧ್ರುವಕ್ಕೆ ಅದರ ಪ್ಲಾಸ್ಟಿಕ್ ಮುಚ್ಚಳವು ಇದ್ದೇ ಇರಬೇಕು.

ಬ್ಯಾಂಕು ಆಸ್ಪತ್ರೆಗಳ ಯುಪಿಎಸ್‌ಗಳಲ್ಲಿ 16 ಬ್ಯಾಟರಿಗಳನ್ನು ಒಂದರ ಹಿಂದೊಂದು ಪೋಣಿಸಿದರೆ 192 ವೋಲ್ಟಾಗುವುದು, ಅದು ಪ್ರಾಣಾಂತಿಕ. ಅಂಥ ಸಾಲನ್ನು ಬಿಚ್ಚುವ ಮೊದಲು ನಡುವಣ ಒಂದು ಕೊಂಡಿಯನ್ನು ತೆಗೆದು ಸಾಲನ್ನು ತುಂಡುಮಾಡುವುದು ಬಲ್ಲವರ ಪದ್ಧತಿ, ಮತ್ತು ಆ ಕೆಲಸವು ಬಲ್ಲವರದೇ. ಜೋಡಿಸುವ ಕ್ರಮದಲ್ಲಿ ಬ್ಯಾಟರಿಗಳ ಪರಸ್ಪರ ಸಂಬಂಧವನ್ನು ಮೊದಲು ಪೂರೈಸಿ, ವೋಲ್ಟ್‌ಮೀಟರಿನಿಂದ ಮೊತ್ತವನ್ನೂ ಧನಋಣಗಳನ್ನೂ ನಿಶ್ಚಯಿಸಿಕೊಂಡು, ಯಂತ್ರದ ಸ್ವಿಚ್ಚು ಆರಿರುವಾಗಲೇ ಕಡೆಯ ತಂತಿಯನ್ನು ಬಿಗಿಯಬೇಕು. ವಾಹನದಲ್ಲಿ ಋಣಧ್ರುವವು ಚೌಕಟ್ಟಿಗೆ ಸೇರಿರುವುದರಿಂದ ಬಿಚ್ಚುವಾಗ ಋಣವನ್ನು ಮೊದಲು, ಕಟ್ಟುವಾಗ ಅದನ್ನೇ ಕಡೆಗೆ. ಒಂದೇ ಸಾಲಿನಲ್ಲಿ ಹೊಸದನ್ನೂ ಹಳೆಯದನ್ನೂ, ಒಂದು ಕಂಪನಿಯದನ್ನೂ ಮತ್ತೊಂದರದನ್ನೂ ಬೆರಸುವುದು ಉಳಿತಾಯದಂತೆ ತೋರಿ ನಷ್ಟದಲ್ಲಿ ಮುಗಿಯುವ ವ್ಯವಹಾರ: ದುರ್ಬಲವಾದುದು ಬೇಗ ಬರಿದಾಗಿ ವಿಲೋಮವಾಗಿ ತುಂಬಿಕೊಳ್ಳುವುದು, ಸಬಲವಾದುದು ಅದರ ಪಾಲನ್ನೂ ಹೊತ್ತು ಬಳಲುವುದು.

ತಂತಿಯ ದಪ್ಪದ ವಿಷಯದಲ್ಲಿ ನಮ್ಮಲ್ಲಿ ಜಿಪುಣತನವು ಹೆಚ್ಚು. 600 ವ್ಯಾಟಿನ ಭಾರವನ್ನು 12 ವೋಲ್ಟಿನ ಬ್ಯಾಟರಿಯಿಂದ ಹೊರಿಸಿದರೆ ಇನ್ವರ್ಟರಿನ ನಷ್ಟವನ್ನೂ ಕೂಡಿಸಿ 50ರಿಂದ 60 ಆಂಪಿಯರು ಹರಿಯುವುದು. ದೀಪಕ್ಕೆ ಬಳಸುವ ತೆಳ್ಳನೆಯ ತಂತಿಯು ಇದಕ್ಕೆ ಬತ್ತಿಯಾಗಿಬಿಡುತ್ತದೆ. ಸಡಿಲವಾದ ಬೋಲ್ಟು ತೆಳುವಾದ ತಂತಿಯಷ್ಟೇ ಕೆಡುಕು. ಅತಿಯಾಗಿ ಬಿಗಿದರೆ ಮೃದುವಾದ ಸೀಸದ ಧ್ರುವವೇ ತಿರುಚಿಕೊಳ್ಳುವುದು. ಧನಧ್ರುವಕ್ಕೆ ಸಾಧ್ಯವಾದಷ್ಟು ಸಮೀಪದಲ್ಲಿ, ಆ ತಂತಿಯು ತಾಳುವ ಮಿತಿಗೆ ತಕ್ಕ ಫ್ಯೂಸೊಂದು ಇದ್ದರೆ, ಇಲಿಯು ತಂತಿಯನ್ನು ಕಡಿದ ದಿನವೂ ಮನೆ ಉಳಿಯುವುದು. ಸಿಂಪಡಿಸುವ ಪಂಪುಗಳಲ್ಲಿ ಸುಟ್ಟ ಫ್ಯೂಸಿನ ಜಾಗಕ್ಕೆ ಸಿಗರೇಟಿನ ಪ್ಯಾಕಿನ ಬೆಳ್ಳಿಹಾಳೆಯನ್ನೋ ತಾಮ್ರದ ಎಳೆಯನ್ನೋ ತುರುಕುವ ಜಾಣತನವು ಖಂಡನೀಯ.

ಇನ್ನು ತುಂಬುವ ವಿಷಯ. ಲೇಖನದ ಅತಿಮುಖ್ಯ ಭಾಗವು ಇದೇ, ಏಕೆಂದರೆ ಮುಚ್ಚಿದ ಬ್ಯಾಟರಿಗಳು ಬಳಕೆಯಿಂದ ಸಾಯುವುದಕ್ಕಿಂತ ತಪ್ಪು ತುಂಬುವಿಕೆಯಿಂದ ಸಾಯುವುದೇ ಹೆಚ್ಚು. ಬ್ಯಾಟರಿಯ ಮೈಮೇಲೆಯೇ ಅಚ್ಚಾಗಿರುವ ಎರಡು ಸಾಲುಗಳನ್ನು ಓದುವ ಶ್ರಮವನ್ನು ಬಹಳ ಮಂದಿ ತೆಗೆದುಕೊಳ್ಳುವುದಿಲ್ಲ. ಸದಾ ಜೋಡಣೆಯಲ್ಲಿದ್ದು ವಿದ್ಯುತ್ತು ಹೋದಾಗ ಮಾತ್ರ ಕೆಲಸ ಮಾಡುವ 12 ವೋಲ್ಟಿನ ಬ್ಯಾಟರಿಗೆ ಸಾಮಾನ್ಯವಾಗಿ 13.5ರಿಂದ 13.8 ವೋಲ್ಟು, ಪ್ರತಿದಿನ ಬರಿದಾಗಿ ಪ್ರತಿದಿನ ತುಂಬಿಕೊಳ್ಳುವುದಕ್ಕೆ 14.4 ವೋಲ್ಟಿಗೆ ಮೇಲ್ಪಟ್ಟು ತಯಾರಕರು ಬರೆದಷ್ಟು. ಆರಂಭದ ಪ್ರವಾಹವು ಬ್ಯಾಟರಿಯ ಆಂಪಿಯರ್-ಗಂಟೆಯ ನಾಲ್ಕನೆಯ ಒಂದರಷ್ಟನ್ನು ಮೀರದಿರುವುದು ಕ್ಷೇಮ, ಎಂದರೆ 8ರದಕ್ಕೆ 2 ಆಂಪಿಯರು. ಈ ವೋಲ್ಟುಗಳು 25 ಡಿಗ್ರಿಯ ಸುತ್ತಮುತ್ತಣ ಉಷ್ಣತೆಗೆ ಹೇಳಿದವು. 12 ವೋಲ್ಟಿನದಕ್ಕೆ ಪ್ರತಿ ಡಿಗ್ರಿಗೆ ಸುಮಾರು 18 ಮಿಲಿವೋಲ್ಟಿನಂತೆ ಸೆಕೆಯಲ್ಲಿ ತಗ್ಗಿಸಬೇಕಾಗುವುದರಿಂದ, 35 ಡಿಗ್ರಿಯ ಕೋಣೆಯಲ್ಲಿ 13.6ರ ಬದಲು 13.4ರಷ್ಟೇ ಸಾಕು. ಒಳ್ಳೆಯ ಚಾರ್ಜರು ಇದನ್ನು ತಾನೇ ಮಾಡಿಕೊಳ್ಳುವುದು.

ಮನೆಗಳಲ್ಲಿ ನಡೆಯುವ ದೊಡ್ಡ ಪ್ರಮಾದವೊಂದು ಹೀಗಿದೆ. ಇನ್ವರ್ಟರುಗಳ ಹಿಂಬದಿಯಲ್ಲಿ ಬ್ಯಾಟರಿಯ ಜಾತಿಯನ್ನು ಆಯ್ದುಕೊಳ್ಳುವ ಸಣ್ಣ ಸ್ವಿಚ್ಚೊಂದು ಇರುವುದುಂಟು: ಟ್ಯೂಬುಲರ್ ಎಂದೊಂದು ಕಡೆ, ಎಸ್‌ಎಂಎಫ್ ಎಂದು ಇನ್ನೊಂದು ಕಡೆ. ಹಳೆಯ ಟ್ಯೂಬುಲರ್ ಬ್ಯಾಟರಿಯು ಮುಗಿದ ಮೇಲೆ ನೀರೆರೆಯುವ ಬೇಸರದಿಂದ ಮುಚ್ಚಿದ ಬ್ಯಾಟರಿಯನ್ನು ತಂದು ಕೂಡಿಸಿ, ಸ್ವಿಚ್ಚನ್ನು ಮಾತ್ರ ಹಾಗೆಯೇ ಬಿಟ್ಟವರ ಮನೆಯಲ್ಲಿ, ನೀರೆರೆಯಬಲ್ಲ ಬ್ಯಾಟರಿಗಾಗಿ ಉದ್ದೇಶಿಸಿದ ಉಚ್ಚ ವೋಲ್ಟು ನೀರೆರೆಯಲಾಗದ ಬ್ಯಾಟರಿಗೆ ದಿನವೂ ಬೀಳುವುದು. ಕವಾಟವು ಪದೇ ಪದೇ ತೆರೆದು ನೀರು ಹಾರಿಹೋಗಿ ಹಾಸು ಒಣಗುತ್ತದೆ. ಒಣಗಿದ ಹಾಸಿನ ಮೂಲಕ ಆಮ್ಲಜನಕವು ಇನ್ನಷ್ಟು ಸರಾಗವಾಗಿ ಋಣಫಲಕಕ್ಕೆ ಹಾಯ್ದು ಅಲ್ಲಿ ಶಾಖವನ್ನು ಹೆಚ್ಚಿಸುತ್ತದೆ. ಬಿಸಿಯಾದ ಬ್ಯಾಟರಿಯು ಅದೇ ವೋಲ್ಟಿಗೆ ಮೊದಲಿಗಿಂತ ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಹೆಚ್ಚಿದ ಪ್ರವಾಹವು ಮತ್ತೂ ಶಾಖವನ್ನು ಹುಟ್ಟಿಸುತ್ತದೆ. ಹೀಗೆ ತನ್ನನ್ನು ತಾನೇ ಉದ್ದೀಪಿಸಿಕೊಳ್ಳುವ ಈ ಚಕ್ರವು ಒಮ್ಮೆ ಹಿಡಿತ ತಪ್ಪಿತೆಂದರೆ ಪೆಟ್ಟಿಗೆಯು ಮೆತ್ತಗಾಗಿ ಉಬ್ಬುವುದು, ಕೊಳೆತ ಮೊಟ್ಟೆಯ ವಾಸನೆ ಹೊರಡುವುದು, ಕೆಲವೊಮ್ಮೆ ಹೊತ್ತಿಕೊಳ್ಳುವುದು. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದಾಗಲಿ ಒತ್ತುವುದಾಗಲಿ ಸರ್ವಥಾ ಕೂಡದು. ತುಂಬುವ ಯಂತ್ರವನ್ನು ಆರಿಸಿ, ಕಿಟಕಿ ಬಾಗಿಲುಗಳನ್ನು ತೆರೆದು, ತಣ್ಣಗಾದ ಬಳಿಕ ಹೊರಸಾಗಿಸಬೇಕು. ಅದು ಮತ್ತೆ ಬಳಕೆಗೆ ಬಾರದು.

ತುಂಬದೆ ಬಿಡುವುದೂ ಅಷ್ಟೇ ಘಾತಕ. ದ್ರಾಕ್ಷಿಯ ಅಥವಾ ಟೊಮೇಟೊ ಹಂಗಾಮು ಮುಗಿದ ಸಂಜೆ ಬರಿದಾದ ಪಂಪನ್ನು ಹಾಗೆಯೇ ಮೂಲೆಗೆಸೆದರೆ ಫಲಕಗಳ ಮೇಲಣ ಸಲ್ಫೇಟು ತಿಂಗಳುಗಟ್ಟಲೆ ಕುಳಿತು ಗಟ್ಟಿಯಾದ ಹರಳುಗಳಾಗಿ ಬೆಳೆದು ಮುಂದಿನ ಹಂಗಾಮಿಗೆ ಬ್ಯಾಟರಿಯು ನಿರ್ಜೀವವಾಗಿರುತ್ತದೆ. ರೈತನು ಆಗ ಕಂಪನಿಯನ್ನು ಶಪಿಸುವುದು ಸಹಜವಾದರೂ ನ್ಯಾಯವಲ್ಲ. ಪೂರ್ಣವಾಗಿ ತುಂಬಿ, ತಂತಿಯನ್ನು ಕಳಚಿ, ತಂಪಾದೆಡೆಯಲ್ಲಿಟ್ಟು, 3 ತಿಂಗಳಿಗೊಮ್ಮೆ ಮತ್ತೆ ತುಂಬುವುದೇ ಇದಕ್ಕೆ ಉಪಾಯ. ಬಿಡುವಿನಲ್ಲಿಟ್ಟ ಆರೋಗ್ಯವಂತ ಬ್ಯಾಟರಿಯು 12.8 ವೋಲ್ಟಿನ ಸಮೀಪ ತೋರಿಸುವುದು, ಬಳಸುವಾಗ 10.5ಕ್ಕಿಂತ ಕೆಳಗಿಳಿಸಬಾರದು. ಸಿಂಪಡಿಸುವ ಪಂಪಿನ ತೊಟ್ಟಿಯಿಂದ ಔಷಧಿಯು ಸೋರಿ ತಳದ ಬ್ಯಾಟರಿಗೂಡಿಗೆ ಇಳಿಯುವುದು ಸಾಮಾನ್ಯವಾದ್ದರಿಂದ ಹಂಗಾಮಿನ ನಡುವೆ ಒಮ್ಮೆಯಾದರೂ ಆ ಮುಚ್ಚಳವನ್ನು ಬಿಚ್ಚಿ ಒರಸಿ, ಧ್ರುವಗಳಿಗೆ ತೆಳುವಾಗಿ ವ್ಯಾಸಲೀನನ್ನು ಸವರತಕ್ಕದ್ದು. ವಿಷವು ಅಲ್ಲಿಯೂ ಇರುವುದರಿಂದ ಕೈಗವಸು ಅಗತ್ಯ. ಪಂಪನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ ಮರೆಯುವವರು, ತುಂಬಿದೊಡನೆ ತಾನೇ ನಿಲ್ಲುವ ಚಾರ್ಜರನ್ನು ಕೊಳ್ಳುವುದು ಲೇಸು.

ಪೆಟ್ಟಿಗೆಯು ಮುಚ್ಚಿರುವುದೆಂದು ಒಳಗೆ ಆಮ್ಲವಿಲ್ಲವೆಂದು ಭಾವಿಸಬಾರದು. ಒಡೆದರೆ ಹಾಸಿನಲ್ಲಿ ತೊಯ್ದಿರುವ ಗಂಧಕಾಮ್ಲವು ಚರ್ಮವನ್ನೂ ಬಟ್ಟೆಯನ್ನೂ ಸುಡುವುದು. ತಗುಲಿದ ಕೂಡಲೇ ಧಾರಾಳವಾದ ನೀರಿನಿಂದ, ಕಣ್ಣಿಗಾದರೆ ರೆಪ್ಪೆಯನ್ನು ಬಿಡಿಸಿ ಹಿಡಿದು ಕಡೆಯ ಪಕ್ಷ 15ರಿಂದ 20 ನಿಮಿಷಗಳ ಕಾಲ ಎಡೆಬಿಡದೆ ತೊಳೆದು, ಆಮೇಲೆ ವೈದ್ಯರಲ್ಲಿಗೆ ಧಾವಿಸಬೇಕು. ನಲ್ಲಿಯಲ್ಲಿ ನೀರು ಯಾವ ದಿನ ಬಂದೀತೆಂದು ಹೇಳಲಾಗದ ಈ ಊರುಗಳಲ್ಲಿ ಬ್ಯಾಟರಿಗಳ ಸಾಲಿರುವ ಕೋಣೆಯ ಬಾಗಿಲಲ್ಲಿ ಮುಚ್ಚಿದ ಒಂದು ಡ್ರಮ್ಮು ನೀರೂ ಒಂದು ಚೊಂಬೂ ಸದಾ ಇರುವುದು ಯಾವ ಔಷಧಿಗಿಂತಲೂ ಮೇಲು. ನೆಲಕ್ಕೆ ಚೆಲ್ಲಿದ ಆಮ್ಲದ ಮೇಲೆ ಅಡುಗೆಯ ಸೋಡವನ್ನೋ, ರೇಷ್ಮೆ ಸಾಕುವ ಮನೆಗಳಲ್ಲಿ ಸುಲಭವಾಗಿ ದೊರೆಯುವ ಅರಳಿದ ಸುಣ್ಣವನ್ನೋ ಚೆಲ್ಲಿ ಶಮನಗೊಳಿಸಬಹುದು. ಇವನ್ನು ಕಣ್ಣಿಗಾಗಲಿ ಚರ್ಮಕ್ಕಾಗಲಿ ಹಚ್ಚಕೂಡದು. ಬೆಂಕಿ ಕಾಣಿಸಿದರೆ ಮೊದಲು ಚಾರ್ಜರಿನ ವಿದ್ಯುತ್ತನ್ನು ಕಡಿದು ಒಣಪುಡಿಯ ಅಗ್ನಿಶಾಮಕವನ್ನು ಬಳಸಬೇಕು.

ಬ್ಯಾಟರಿಯ ಅಂತ್ಯಕಾಲವು ಅದರ ಜೀವಿತದಷ್ಟೇ ವಿಚಾರಯೋಗ್ಯ. ತೂಕದ ಅರ್ಧಕ್ಕೂ ಮಿಗಿಲಾದ ಭಾಗವು ಸೀಸವಾಗಿದ್ದು, 327 ಡಿಗ್ರಿಗೇ ಕರಗುವ ಆ ಲೋಹವು ಮನೆಯ ಒಲೆಯ ಮೇಲೂ ಕರಗುವುದರಿಂದ, ಹಳೆಯ ಬ್ಯಾಟರಿಯನ್ನು ಹಿತ್ತಿಲಲ್ಲಿ ಒಡೆದು ಸೀಸವನ್ನು ಬೇರ್ಪಡಿಸುವ ಗುಜರಿಯ ಕಸುಬು ಹಲವೆಡೆ ನಡೆದುಬಂದಿದೆ. ಆಮ್ಲವು ಚರಂಡಿಯ ಮೂಲಕ ಕೆರೆಗಿಳಿಯುತ್ತದೆ. ಸೀಸದ ಧೂಳು ಮಣ್ಣಿನಲ್ಲಿ ನಿಂತು, ನೆಲದಲ್ಲಾಡುವ ಮಕ್ಕಳ ಕೈಯಿಂದ ಬಾಯಿಗೆ, ಬಾಯಿಂದ ರಕ್ತಕ್ಕೆ ಹೋಗಿ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಈ ವಿಷಯದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಅವರು ಅಲ್ಲಿ ಸೀಸದ ವಿಷಕ್ಕೆ ಸಂಬಂಧಿಸಿದ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ ದೇಶದ ಗಮನವನ್ನು ಸೆಳೆದರು. ಭಾರತ ಸರ್ಕಾರವು 2001ರಲ್ಲಿ ಬ್ಯಾಟರಿಗಳ ನಿರ್ವಹಣೆಯ ನಿಯಮಗಳನ್ನೂ, ಅವುಗಳ ಸ್ಥಾನದಲ್ಲಿ 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ಹೊಸ ನಿಯಮಗಳನ್ನೂ ಹೊರಡಿಸಿ, ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸಿ ಅಧಿಕೃತ ಕಾರ್ಖಾನೆಗಳಲ್ಲಿ ಸಂಸ್ಕರಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಮುರಿದುಕೊಳ್ಳುವ ರೂಢಿಯು ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಪೇಟೆಯಲ್ಲಿ ನೆಲೆಸಿರುವುದು ಸಂತೋಷದ ಸಂಗತಿ. ತಕ್ಕಡಿ ಮತ್ತು ಸಿಂಪಡಿಸುವ ಪಂಪುಗಳ ಸಣ್ಣ ಬ್ಯಾಟರಿಗಳು ಮಾತ್ರ ಬೆಲೆ ಕಡಿಮೆಯೆಂಬ ಕಾರಣದಿಂದ ಈ ರೂಢಿಯಿಂದ ಹೊರಗುಳಿದು ತಿಪ್ಪೆಯನ್ನು ಸೇರುವುದುಂಟು. ಅವನ್ನೂ ಕೂಡಿಹಾಕಿ, ಧ್ರುವಗಳಿಗೆ ಟೇಪು ಸುತ್ತಿ, ನೆಟ್ಟಗೆ ನಿಲ್ಲಿಸಿ, ಬಿರುಕುಬಿಟ್ಟುದನ್ನು ಪ್ಲಾಸ್ಟಿಕ್ ಬಕೀಟಿನಲ್ಲಿಟ್ಟು, ಪ್ರಯಾಣಿಕರ ಬಸ್ಸಿನಲ್ಲಲ್ಲದೆ ಸರಕಿನ ಗಾಡಿಯಲ್ಲಿ ಪೇಟೆಗೆ ಸಾಗಿಸತಕ್ಕದ್ದು.